ಮುಳುಗಿತು, ಮುಳುಗಿಸಿದರು: ‘ದ್ವೀಪ’ ಚಲನಚಿತ್ರದಲ್ಲಿ ನೀರು, ಹೆಣ್ಣು ಮತ್ತು ಕರ್ತೃಪದದ ಪ್ರಶ್ನೆ

ಸಾರಾಂಶ

ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಚಲನಚಿತ್ರವನ್ನು ಅಣೆಕಟ್ಟು, ಸ್ಥಳಾಂತರ ಮತ್ತು ಸ್ತ್ರೀಸಂವೇದನೆಯ ನೆಲೆಗಳಿಂದ ಹಲವರು ಓದಿದ್ದಾರೆ. ಪ್ರಸ್ತುತ ಲೇಖನವು ಅದನ್ನು ವ್ಯಾಕರಣದ ಒಂದು ಪ್ರಶ್ನೆಯ ಮೂಲಕ ಓದುತ್ತದೆ: ನೀರಿನ ಅನಾಹುತವನ್ನು ಹೇಳುವ ಕನ್ನಡ ವಾಕ್ಯಗಳಲ್ಲಿ ಕರ್ತೃ ಎಲ್ಲಿ ಉಳಿಯುತ್ತಾನೆ, ಎಲ್ಲಿ ಅಳಿಯುತ್ತಾನೆ? ‘ದ್ವೀಪ’, ‘ನೆರೆ’, ‘ಮುಳುಗಡೆ’, ‘ಕಾಣೆ’, ‘ನೀರುಪಾಲು’ ಎಂಬ ಪದಗಳನ್ನು ಪರಿಶೀಲಿಸಿ, ಚಿತ್ರದ ನಾಗಿ ಎದುರಿಸುವ ಅಪಾಯಗಳಲ್ಲಿ ನೀರಿಗಿಂತ ದೊಡ್ಡದು ಅವಳ ಕ್ರಿಯೆಗೆ ಕರ್ತೃಪದ ದೊರೆಯದಿರುವುದೇ ಎಂದು ವಾದಿಸಲಾಗಿದೆ. ಘಟ್ಟದ ಕೆಳಗಿನ ಕೆರಾಡಿ ಸೀಮೆಯ ಕುಂದಾಪ್ರ ಕನ್ನಡದ ಕೆಲವು ಪ್ರಯೋಗಗಳನ್ನು ಹೋಲಿಕೆಗಾಗಿ ಬಳಸಿಕೊಳ್ಳಲಾಗಿದೆ.

ಕೀಲಿಪದಗಳು: ಕರ್ತೃತ್ವ, ಅಕರ್ಮಕ ಧಾತು, ಪ್ರೇರಣಾರ್ಥಕ, ಮುಳುಗಡೆ, ಕುಂದಾಪ್ರ ಕನ್ನಡ, ಚಲನಚಿತ್ರ ವಿಮರ್ಶೆ

1. ಪ್ರಸ್ತಾವನೆ

ಜನವಸತಿಯಿಂದ ದೂರವಾದ ಒಂದು ಸ್ಥಳ, ಹೊರಹೋಗಲು ದಾರಿಯಿಲ್ಲದ ಒಂದು ಋತು, ಅಲ್ಲಿ ಸಿಲುಕಿದ ಒಬ್ಬ ಹೆಣ್ಣು: ಥ್ರಿಲ್ಲರ್ ಎಂದು ಕರೆಯಲಾಗುವ ಕಥನಪ್ರಕಾರಕ್ಕೆ ಇದು ಚಿರಪರಿಚಿತವಾದ ಚೌಕಟ್ಟು. ಆಸ್ಟ್ರೇಲಿಯಾದ ಒಳನಾಡನ್ನು ಕುರಿತ ಕಥನಗಳಲ್ಲಿ, ಕೆನೆತ್ ಕುಕ್ ಅವರ ‘ವೇಕ್ ಇನ್ ಫ್ರೈಟ್’ (1961) ಮೊದಲ್ಗೊಂಡು ಜೇನ್ ಹಾರ್ಪರ್ ಅವರ ‘ದಿ ಡ್ರೈ’ (2016) ವರೆಗೆ, ಮನುಷ್ಯನನ್ನು ಒಂಟಿಯಾಗಿಸುವುದು ದೂರ ಮತ್ತು ಬರ. ಪಶ್ಚಿಮಘಟ್ಟದ ಎರಡೂ ಮಗ್ಗುಲುಗಳಲ್ಲಿ ಈ ಕೆಲಸವನ್ನು ಮಾಡುವುದು ನೀರು. ಇಲ್ಲಿ ಊರಿನಿಂದ ಊರಿಗೆ ದೂರ ಹೆಚ್ಚಿಲ್ಲ. ಬೇಸಗೆಯಲ್ಲಿ ಕಾಲ್ನಡಿಗೆಯಲ್ಲಿ ದಾಟಬಹುದಾದ ಹಳ್ಳವೇ ಆಷಾಢದಲ್ಲಿ ಎರಡು ಲೋಕಗಳ ಗಡಿಯಾಗುತ್ತದೆ.

ಕನ್ನಡದಲ್ಲಿ ಈ ಚೌಕಟ್ಟಿಗೆ ಅತ್ಯಂತ ಸಮೀಪವಾದ ಕೃತಿ ಥ್ರಿಲ್ಲರ್ ಅಲ್ಲ. ಅದು ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರು ನಿರ್ದೇಶಿಸಿದ ‘ದ್ವೀಪ’. ಸೌಂದರ್ಯ ಈ ಚಿತ್ರವನ್ನು ನಿರ್ಮಿಸಿ ನಾಗಿಯ ಪಾತ್ರವನ್ನು ನಿರ್ವಹಿಸಿದರು; ಅವಿನಾಶ್ ಗಣಪನಾಗಿ, ಎಂ. ವಿ. ವಾಸುದೇವರಾವ್ ದುಗ್ಗಜ್ಜನಾಗಿ, ಹರೀಶ್ ರಾಜ್ ಕೃಷ್ಣನಾಗಿ ಅಭಿನಯಿಸಿದರು. 2001ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯ ಜೊತೆಗೆ ಎಚ್. ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿಯೂ ಈ ಚಿತ್ರಕ್ಕಾಗಿ ದೊರೆಯಿತು. ಕಥೆ ಸರಳ. ಅಣೆಕಟ್ಟಿನ ನೀರು ಏರುತ್ತಿದೆ. ಪರಿಹಾರ ಪಡೆದು ಊರವರು ಹೊರಟುಹೋಗುತ್ತಾರೆ. ದೈವಸೇವೆಯನ್ನೂ ನೆಲವನ್ನೂ ಬಿಡಲಾರದ ಒಂದು ಕುಟುಂಬ ಉಳಿಯುತ್ತದೆ. ಮುದುಕ ದುಗ್ಗಜ್ಜ ನೀರಿನಲ್ಲಿ ಇಲ್ಲವಾಗುತ್ತಾನೆ. ತವರಿನ ಕಡೆಯ ಕೃಷ್ಣ ನೆರವಿಗೆ ಬಂದಾಗ ಗಂಡನ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ. ಮಳೆ, ಒಂಟಿತನ, ಹುಲಿಯ ಭಯ ಇವೆಲ್ಲವನ್ನೂ ಎದುರಿಸಿ ಸಂಸಾರವನ್ನು ಉಳಿಸಿಕೊಳ್ಳುವವಳು ನಾಗಿ. ಮಳೆ ಇಳಿದ ಮೇಲೆ ಗಣಪನು ಅದನ್ನು ದೈವದ ಕೃಪೆಯೆಂದು ತಿಳಿಯುತ್ತಾನೆ.

ಈ ಕೊನೆಯ ತಿಳಿವಳಿಕೆಯಲ್ಲಿ ಒಂದು ವ್ಯಾಕರಣವಿದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಅಲ್ಲಿಗೆ ತಲುಪುವ ಮೊದಲು ಕೆಲವು ಪದಗಳನ್ನು ಪರಿಶೀಲಿಸಬೇಕಾಗುತ್ತದೆ.

2. ದ್ವೀಪ, ಕುದ್ರು, ನೆರೆ

‘ದ್ವೀಪ’ ಸಂಸ್ಕೃತ ಪದ: ‘ದ್ವಿ’ ಮತ್ತು ‘ಅಪ್’ (ನೀರು) ಶಬ್ದಗಳ ಸಮಾಸ. ಇಲ್ಲಿ ‘ಅಪ್’ ‘ಈಪ್’ ಆಗುವುದನ್ನು ಪಾಣಿನಿ ಪ್ರತ್ಯೇಕ ಸೂತ್ರದಲ್ಲಿ (6.3.97) ಹೇಳಿದ್ದಾನೆ. ಇಬ್ಬದಿಯಲ್ಲಿ ನೀರುಳ್ಳದ್ದು ಎಂದು ಇದರ ಅವಯವಾರ್ಥ. ಕನ್ನಡದ ‘ನಡುಗಡ್ಡೆ’ ಇದಕ್ಕೆ ವಿರುದ್ಧ ದಿಕ್ಕಿನಿಂದ ನೋಡುತ್ತದೆ. ಅದರಲ್ಲಿ ನೀರಿನ ಹೆಸರೇ ಇಲ್ಲ, ನಡುವೆ ಎದ್ದು ನಿಂತ ನೆಲವಷ್ಟೇ ಇದೆ. ಕರಾವಳಿಯ ‘ಕುದ್ರು’ ಮೂರನೆಯ ದೃಷ್ಟಿ. ಪಂಚಗಂಗಾವಳಿಯ ಮುಖಜ ಪ್ರದೇಶದಲ್ಲಿ ಉಪ್ಪಿನಕುದ್ರು, ಕನ್ನಡಕುದ್ರು ಮೊದಲಾದವು ಜನವಸತಿಯ ಊರುಗಳು. ಉಪ್ಪಿನಕುದ್ರು ತನ್ನ ಯಕ್ಷಗಾನ ಗೊಂಬೆಯಾಟದಿಂದ ನಾಡಿನ ಹೊರಗೂ ಹೆಸರಾಗಿದೆ. ಕುದ್ರುವಿನವರಿಗೆ ಸುತ್ತಲಿನ ನೀರು ಅಪಾಯವೂ ಹೌದು, ದಾರಿಯೂ ಹೌದು; ದೋಣಿ ಅಲ್ಲಿ ಸಂಸಾರದ ಒಂದು ಸಾಮಾನು. ಕುದ್ರು ಎಂಬುದು ಹುಟ್ಟಿನಿಂದಲೇ ನೀರಿನ ನಡುವೆ ಇರುವ ನೆಲ.

ನಾಗಿಯ ಊರು ಕುದ್ರುವಲ್ಲ. ಅದು ಗುಡ್ಡವಾಗಿತ್ತು, ದ್ವೀಪವಾಯಿತು. ಆದ್ದರಿಂದ ಕಾದಂಬರಿಯೂ ಚಿತ್ರವೂ ಶೀರ್ಷಿಕೆಗೆ ತತ್ಸಮವನ್ನು ಆರಿಸಿಕೊಂಡಿರುವುದು ಕೇವಲ ಶಿಷ್ಟಭಾಷೆಯ ಅಭ್ಯಾಸವೆಂದು ತೋರುವುದಿಲ್ಲ. ಆಡುಮಾತಿನಲ್ಲಿ ಹುಟ್ಟಿದ ಪದವು ಆ ಸ್ಥಿತಿಯೊಡನೆ ತಲೆಮಾರುಗಳ ಒಡನಾಟವನ್ನು ಸೂಚಿಸುತ್ತದೆ. ಭೂಪಟದಿಂದ ಬಂದ ಪದವು ಹೊರಗಿನಿಂದ ಹೇರಿದ ಸ್ಥಿತಿಯನ್ನು ಸೂಚಿಸುತ್ತದೆ.

‘ನೆರೆ’ ಪದದ ಚರಿತ್ರೆ ಇನ್ನೂ ಕುತೂಹಲಕರ. ಇಂದಿನ ಕನ್ನಡದಲ್ಲಿ ಪ್ರವಾಹವೂ ನೆರೆ, ಪಕ್ಕದ ಮನೆಯೂ ನೆರೆ. ಹುಡುಗಿ ದೊಡ್ಡವಳಾಗುವುದೂ ಮೈನೆರೆಯುವುದು. ಹಳಗನ್ನಡವು ರಕಾರ ಮತ್ತು ಶಕಟರೇಫಗಳನ್ನು ಬೇರೆಯಾಗಿ ಇರಿಸಿಕೊಂಡಿದ್ದಾಗ ತುಂಬು, ಪೂರ್ಣವಾಗು ಎಂಬರ್ಥದ ‘ನೆಱೆ’ಯೂ ಕೂಡು, ಸೇರು ಎಂಬರ್ಥದ ‘ನೆರೆ’ಯೂ ಬೇರೆ ಧಾತುಗಳಾಗಿದ್ದವು. ತಮಿಳಿನ ‘ನಿಱೈ’ ಮೊದಲನೆಯದಕ್ಕೆ ಜ್ಞಾತಿ. ಶಕಟರೇಫ ಅಳಿದ ಮೇಲೆ ಎರಡೂ ಒಂದೇ ಧ್ವನಿರೂಪಕ್ಕೆ ಬಂದವು. ಆದ್ದರಿಂದ ಐತಿಹಾಸಿಕವಾಗಿ ಇದು ಒಂದೇ ಪದದ ಅನೇಕಾರ್ಥವಲ್ಲ, ಸಮರೂಪತೆ. ಆದರೆ ಭಾಷಿಕನು ಧಾತುಚರಿತ್ರೆಯನ್ನು ತಲೆಯಲ್ಲಿ ಹೊತ್ತು ಮಾತಾಡುವುದಿಲ್ಲ. ಅವನಿಗೆ ಎರಡು ನೆರೆಗಳೂ ಒಂದೇ ಬಾಯಲ್ಲಿ ಬರುತ್ತವೆ. ‘ದ್ವೀಪ’ದ ಕಥಾವಸ್ತುವನ್ನು ಈ ಸಮರೂಪತೆಯಲ್ಲಿಯೇ ಸಂಗ್ರಹಿಸಬಹುದು: ನೆರೆ ಹೋಯಿತು, ನೆರೆ ಬಂತು. ಊರವರ ನಿರ್ಗಮನ ಮತ್ತು ನೀರಿನ ಆಗಮನಗಳ ನಡುವಿನ ಅವಧಿಯೇ ಈ ಚಿತ್ರದ ನಿಜವಾದ ಕಾಲ. ನಾಗಿ ಎದುರಿಸುವ ಮೊದಲ ಅಪಾಯ ನೀರಲ್ಲ, ನೆರೆಮನೆ ಇಲ್ಲದಿರುವುದು. ಮಾತಾಡಲು ಇನ್ನೊಬ್ಬ ಹೆಂಗಸಿಲ್ಲದ ಸ್ಥಿತಿಯನ್ನು ಚಿತ್ರವು ಒಂದು ಘಟನೆಯಾಗಿ ಹೇಳದೆ ಮನೆಗೆಲಸದ ದೃಶ್ಯಗಳ ಮೌನದಲ್ಲಿ ತುಂಬಿಡುತ್ತದೆ.

3. ‘ಮುಳುಗಡೆ’ ಎಂಬ ನಾಮಪದ

ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಾಗರದಲ್ಲಿ ಹುಟ್ಟಿ ಬೆಳೆದ ನಾ. ಡಿಸೋಜ (1937–2025) ಸರ್ಕಾರಿ ನೌಕರರಾಗಿ ಆ ಯೋಜನೆಯನ್ನು ಒಳಗಿನಿಂದ ಬಲ್ಲವರು. ಅವರ ಬರವಣಿಗೆಯಲ್ಲಿ ಒಂದು ಪದ ಮತ್ತೆ ಮತ್ತೆ ಶೀರ್ಷಿಕೆಗೆ ಏರುತ್ತದೆ. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಅವರ ಮಕ್ಕಳ ಕಾದಂಬರಿಯ ಹೆಸರು ‘ಮುಳುಗಡೆಯ ಊರಿಗೆ ಬಂದವರು’. ಮಲೆನಾಡಿನ ಎರಡು ತಲೆಮಾರುಗಳ ಬದುಕನ್ನು ಈ ಒಂದು ನಾಮಪದ ಹೊತ್ತುಕೊಂಡಿದೆ: ಮುಳುಗಡೆ ಪ್ರದೇಶ, ಮುಳುಗಡೆ ಸಂತ್ರಸ್ತರು, ಮುಳುಗಡೆ ಪರಿಹಾರ.

ರಚನೆಯ ದೃಷ್ಟಿಯಿಂದ ‘ಮುಳುಗಡೆ’ಯು ‘ಬಿಡುಗಡೆ’, ‘ನಿಲುಗಡೆ’ಗಳ ಸಾಲಿಗೆ ಸೇರುತ್ತದೆ. ಆದರೆ ಇವುಗಳ ನಡವಳಿಕೆ ಒಂದೇ ಅಲ್ಲ. ಕೆಳಗಿನ ವಾಕ್ಯಗಳನ್ನು ಹೋಲಿಸಿ (ಇಲ್ಲಿಯೂ ಮುಂದೆಯೂ ಬರುವ ನಿದರ್ಶನವಾಕ್ಯಗಳು ವಿಶ್ಲೇಷಣೆಗಾಗಿ ರಚಿಸಿಕೊಂಡವು; ಚಿತ್ರದ ಸಂಭಾಷಣೆಗಳಲ್ಲ):

(1) ಅ. ಕೈದಿಗಳನ್ನು ಬಿಡುಗಡೆ ಮಾಡಿದರು.
ಆ. ಕೈದಿಗಳು ಬಿಡುಗಡೆಯಾದರು.

(2) ಅ. ಊರನ್ನು ಮುಳುಗಡೆ ಮಾಡಿದರು.
ಆ. ಊರು ಮುಳುಗಡೆಯಾಯಿತು.

(1)ರಲ್ಲಿ ಎರಡೂ ವಾಕ್ಯಗಳು ಸಮಾನವಾಗಿ ಸಹಜ. (2ಅ) ವ್ಯಾಕರಣಬದ್ಧವಾದರೂ ಕಿವಿಗೆ ಅಪರಿಚಿತ. (2ಆ) ಮಾತ್ರ ರೂಢಿ. ‘ಬಿಡು’ ಸಕರ್ಮಕ ಧಾತುವಾದುದರಿಂದ ಅದರ ನಾಮಪದಕ್ಕೆ ಬಿಡುವವನೊಬ್ಬನ ನೆನಪಿದೆ. ‘ಮುಳುಗು’ ಅಕರ್ಮಕ; ಅದರಿಂದ ಹುಟ್ಟಿದ ನಾಮಪದಕ್ಕೆ ಮುಳುಗಿಸಿದವನ ನೆನಪು ಇಲ್ಲ. ‘ಮುಳುಗಿಸು’ ಎಂಬ ಪ್ರೇರಣಾರ್ಥಕ ರೂಪ ಕನ್ನಡದಲ್ಲಿ ಸಮೃದ್ಧವಾಗಿ ಬಳಕೆಯಲ್ಲಿದ್ದರೂ ಅದರಿಂದ ಆಡಳಿತಕ್ಕೆ ಒದಗುವ ನಾಮಪದವೊಂದು ರೂಪುಗೊಳ್ಳಲಿಲ್ಲ.

ಇದನ್ನು ಅದೇ ಘಟನೆಯ ಇನ್ನೊಂದು ಮುಖದೊಡನೆ ಇಟ್ಟು ನೋಡಿದಾಗ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಅಣೆಕಟ್ಟು ಕಟ್ಟಿದರು, ಊರು ಮುಳುಗಿತು’ ಎಂಬುದು ಯಾರೂ ಆಡಬಹುದಾದ ವಾಕ್ಯ. ಇದರ ಮೊದಲ ಭಾಗ ಸಕರ್ಮಕ, ಕರ್ತೃ ಬಹುವಚನದ ಮಾನವರು. ಎರಡನೆಯ ಭಾಗ ಅಕರ್ಮಕ, ಕರ್ತೃಸ್ಥಾನದಲ್ಲಿ ಊರೇ ಇದೆ. ಒಂದೇ ಕಾರಣದಿಂದ ಹುಟ್ಟಿದ ಎರಡು ಪರಿಣಾಮಗಳಲ್ಲಿ ನಿರ್ಮಾಣಕ್ಕೆ ಮಾಡಿದವರಿದ್ದಾರೆ, ನಾಶವು ತಾನಾಗಿ ಆಗಿದೆ. ಸ್ಥಳಾಂತರವನ್ನು ಕುರಿತ ಕನ್ನಡ ಗದ್ಯದ ಬಹುಭಾಗ ಈ ಅಲ್ಪವಿರಾಮದ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

4. ನಾಗಿಯ ಕ್ರಿಯಾಪದ

ಈ ಹಿನ್ನೆಲೆಯಲ್ಲಿ ಚಿತ್ರದ ಅಂತ್ಯವನ್ನು ನೋಡಬಹುದು. ಆ ರಾತ್ರಿಯ ಘಟನೆಯನ್ನು ಹೇಳಲು ಕನ್ನಡದಲ್ಲಿ ಕನಿಷ್ಠ ಮೂರು ದಾರಿಗಳಿವೆ:

(3) ಅ. ಮನೆ ಉಳಿಯಿತು.
ಆ. ದೇವರು ಮನೆ ಉಳಿಸಿದ.
ಇ. ಮನೆ ಉಳಿಸಿದಳು.

(3ಅ) ಕರ್ತೃವಿನ ಪ್ರಶ್ನೆಯನ್ನೇ ಎತ್ತುವುದಿಲ್ಲ. (3ಆ) ಕರ್ತೃವನ್ನು ಕಾಣದ ಶಕ್ತಿಗೆ ಒಪ್ಪಿಸುತ್ತದೆ. (3ಇ)ರಲ್ಲಿ ನಾಮಪದವಿಲ್ಲದಿದ್ದರೂ ‘-ಅಳು’ ಎಂಬ ಆಖ್ಯಾತಪ್ರತ್ಯಯವೊಂದೇ ಕರ್ತೃವನ್ನು ಹೊತ್ತು ನಿಲ್ಲುತ್ತದೆ. ಗಣಪನ ಮನಸ್ಸು ಮೊದಲೆರಡರ ನಡುವೆ ಓಡಾಡುತ್ತದೆ, ಮೂರನೆಯದಕ್ಕೆ ಬರಲಾರದು. ಅವನು ದುಷ್ಟನಲ್ಲ ಎಂಬುದನ್ನು ಗಮನಿಸಬೇಕು. ಅವಿನಾಶ್ ಅವರ ಅಭಿನಯದ ಹೆಚ್ಚುಗಾರಿಕೆ ಇರುವುದೂ ಇಲ್ಲಿಯೇ: ಅವನು ಹೆಂಡತಿಯ ಶ್ರಮವನ್ನು ಕಣ್ಣಾರೆ ಕಂಡವನು, ಆದರೆ ಅದನ್ನು ವಾಕ್ಯ ಮಾಡಲಾರದವನು. ತಂದೆಯಿಂದ ಬಂದ ದೈವಸೇವೆಯ ಭಾಷೆಯಲ್ಲಿ ಉಳಿಸುವ ಕ್ರಿಯೆಗೆ ಕರ್ತೃಸ್ಥಾನ ಮೊದಲೇ ಭರ್ತಿಯಾಗಿದೆ.

ಕಾಸರವಳ್ಳಿಯವರು ಈ ಕೊರತೆಯನ್ನು ಸಂಭಾಷಣೆಯಿಂದ ತುಂಬಲು ಹೋಗುವುದಿಲ್ಲ. ನಾಗಿ ಎದ್ದು ನಿಂತು ತನ್ನ ಕೆಲಸದ ಪಟ್ಟಿ ಹೇಳುವ ಒಂದು ದೃಶ್ಯವಿದ್ದಿದ್ದರೆ ಪ್ರೇಕ್ಷಕನಿಗೆ ಸಮಾಧಾನವಾಗುತ್ತಿತ್ತು, ಚಿತ್ರ ಸೋಲುತ್ತಿತ್ತು. ಬದಲಾಗಿ ರಾಮಚಂದ್ರ ಅವರ ಕ್ಯಾಮೆರಾ ಆಖ್ಯಾತಪ್ರತ್ಯಯದ ಕೆಲಸವನ್ನು ಮಾಡುತ್ತದೆ: ಬೆಂಕಿ ಆರದಂತೆ ನೋಡಿಕೊಳ್ಳುವ, ಹೊರುವ, ಕಾಯುವ ಕ್ರಿಯೆಗಳ ಕೊನೆಯಲ್ಲಿ ಅದು ನಾಗಿಯನ್ನು ನಿಲ್ಲಿಸುತ್ತದೆ. ಮಾತು ನಿರಾಕರಿಸಿದ ಕರ್ತೃತ್ವವನ್ನು ಬಿಂಬವು ಕೊಡುತ್ತದೆ. ಮಾತಿಗೂ ಬಿಂಬಕ್ಕೂ ನಡುವಿನ ಈ ಬಿರುಕಿನಲ್ಲಿ ‘ದ್ವೀಪ’ದ ಅರ್ಥವಿದೆ.

ಕಾದಂಬರಿಯಿಂದ ಚಿತ್ರಕ್ಕೆ ಬರುವಾಗ ಹೆಸರುಗಳು ಬದಲಾಗಿರುವುದೂ ಇಲ್ಲಿ ಪ್ರಸ್ತುತ. ಗಣಪಯ್ಯ ಗಣಪನಾಗುತ್ತಾನೆ, ನಾಗವೇಣಿ ನಾಗಿಯಾಗುತ್ತಾಳೆ. ಗೌರವಸೂಚಕ ‘ಅಯ್ಯ’ ಬಿದ್ದುಹೋಗುವುದರೊಂದಿಗೆ ಕುಟುಂಬದ ಸಾಮಾಜಿಕ ನೆಲೆಯೂ ಕೆಳಗಿಳಿಯುತ್ತದೆ. ಪರಿಹಾರದ ಕಚೇರಿಯ ಮುಂದೆ ನಿಲ್ಲುವವನ ಹೆಸರಿನಲ್ಲಿ ‘ಅಯ್ಯ’ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆಯೆಂದು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಚಿತ್ರಕ್ಕೆ ಮಿತಿಗಳಿಲ್ಲದಿಲ್ಲ. ಕೃಷ್ಣನ ಪಾತ್ರವು ಗಣಪನ ಸಂಶಯವನ್ನು ಕೆರಳಿಸುವಷ್ಟಕ್ಕೆ ಬಂದು ಹೋಗುತ್ತದೆ. ಅವನಿಗೆ ತನ್ನದೇ ಆದ ಭಾಷೆಯಿಲ್ಲ. ಹುಲಿಯ ಪ್ರಸಂಗವು ಅಪಾಯವನ್ನು ಮತ್ತೆ ಹೊರಗಿನ ಪ್ರಾಣಿಯಲ್ಲಿ ನೆಲೆಗೊಳಿಸಿ, ಅಲ್ಲಿಯವರೆಗೆ ಸಂಶಯದ ಮಾತುಗಳಲ್ಲಿ ಸೂಕ್ಷ್ಮವಾಗಿ ಬೆಳೆದಿದ್ದ ಒಳಗಿನ ಅಪಾಯವನ್ನು ತುಸು ಹಗುರಗೊಳಿಸುತ್ತದೆ. ಥ್ರಿಲ್ಲರ್‌ಗೆ ಅತ್ಯಂತ ಸಮೀಪವಾಗುವ ಈ ಭಾಗವೇ ಚಿತ್ರದ ದುರ್ಬಲ ಭಾಗವೆಂಬುದು ಲೇಖಕರ ಅಭಿಪ್ರಾಯ.

5. ಥ್ರಿಲ್ಲರ್‌ನ ವ್ಯಾಕರಣ: ‘ಕಾಣೆ’

ಪ್ರಕಾರದ ಒಳಗೇ ನಿಂತ ಚಿತ್ರದೊಡನೆ ಒಂದು ಹೋಲಿಕೆ ಉಪಯುಕ್ತ. ಅನೂಪ್ ಭಂಡಾರಿ ನಿರ್ದೇಶನದ ‘ರಂಗಿತರಂಗ’ (2015) ಕರಾವಳಿಯ ಕಮರೊಟ್ಟು ಎಂಬ ಕಲ್ಪಿತ ಊರಿನಲ್ಲಿ ಗರ್ಭಿಣಿಯರು ಇಲ್ಲವಾಗುವುದನ್ನು ಕುರಿತದ್ದು. ಊರವರ ಪಾಲಿಗೆ ಅದು ಗುಡ್ಡದ ಭೂತದ ಕೆಲಸ. ಕಥೆ ಬಿಚ್ಚಿಕೊಂಡಂತೆ ಅದು ಮನುಷ್ಯನ ಕೆಲಸವೆಂದು ತಿಳಿಯುತ್ತದೆ. ಅಂದರೆ ಥ್ರಿಲ್ಲರ್‌ನ ಇಡೀ ಚಲನೆ ಅಕರ್ಮಕ ವಾಕ್ಯದಿಂದ ಸಕರ್ಮಕ ವಾಕ್ಯದ ಕಡೆಗೆ: ‘ಹೆಂಗಸರು ಕಾಣೆಯಾದರು’ ಎಂಬುದನ್ನು ‘ಇಂಥವನು ಕೊಂದನು’ ಎಂದು ತಿದ್ದುವುದೇ ಅದರ ಕೆಲಸ.

‘ಕಾಣೆ’ ಎಂಬ ರೂಪವೂ ಗಮನಾರ್ಹ. ‘ನಾನು ಕಾಣೆ’ ಎಂಬ ಉತ್ತಮಪುರುಷ ಏಕವಚನದ ನಿಷೇಧರೂಪಕ್ಕೂ ಇದಕ್ಕೂ ರೂಪಭೇದವಿಲ್ಲ. ಹೆಣ್ಣೊಬ್ಬಳು ಇಲ್ಲವಾದುದನ್ನು ಹೇಳುವಾಗ ಭಾಷೆಯು ಅವಳಿಗೆ ಏನಾಯಿತೆಂದು ಹೇಳದೆ, ನೋಡುವವನಿಗೆ ಕಾಣದಾಯಿತೆಂಬಷ್ಟನ್ನೇ ದಾಖಲಿಸುತ್ತದೆ. ‘ರಂಗಿತರಂಗ’ವು ಭೂತದ ಜಾಗದಲ್ಲಿ ಒಬ್ಬ ಅಪರಾಧಿಯನ್ನು ಇಟ್ಟು ಕರ್ತೃಸ್ಥಾನವನ್ನು ತುಂಬುತ್ತದೆ, ಆದರೆ ಹೆಂಗಸರು ವಾಕ್ಯದಲ್ಲಿ ಕರ್ಮವಾಗಿಯೇ ಉಳಿಯುತ್ತಾರೆ. ‘ದ್ವೀಪ’ದಲ್ಲಿ ಅಪರಾಧಿ ಸಿಕ್ಕುವುದಿಲ್ಲ, ಆದರೆ ಹೆಣ್ಣು ಕರ್ತೃಸ್ಥಾನಕ್ಕೆ ಬರುತ್ತಾಳೆ. ಎರಡು ಚಿತ್ರಗಳ ಮೌಲ್ಯವನ್ನು ಅಳೆಯುವಲ್ಲಿ ಈ ಭೇದ ಮುಖ್ಯ.

6. ಘಟ್ಟದ ಕೆಳಗೆ: ಕಾಲುಸಂಕ ಮತ್ತು ‘ನೀರುಪಾಲು’

ಲಿಂಗನಮಕ್ಕಿಗೂ ಕೆರಾಡಿ ಸೀಮೆಗೂ ನೀರಿನ ಸಂಬಂಧವೊಂದಿದೆ. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೇಹಕ್ಲು ಅಣೆಕಟ್ಟುಗಳು, ಪಶ್ಚಿಮಕ್ಕೆ ಕುಂದಾಪುರದ ಕಡೆ ಇಳಿಯಬೇಕಾದ ನೀರನ್ನು ಲಿಂಗನಮಕ್ಕಿ ಜಲಾಶಯಕ್ಕೆ ತಿರುಗಿಸುತ್ತವೆ. ನಾಗಿಯ ಲೋಕವನ್ನು ಮುಳುಗಿಸಿದ ಜಲಾಶಯದಲ್ಲಿ ಇಂದು ಘಟ್ಟದ ಕೆಳಗಿನವರ ಹೊಳೆಯ ಪಾಲೂ ಇದೆ. ಕೆರಾಡಿ ಇಂದು ನಾಡಿಗೆ ಗೊತ್ತಿರುವುದು ರಿಷಬ್ ಶೆಟ್ಟಿಯವರ ಹುಟ್ಟೂರೆಂದು, ‘ಕಾಂತಾರ’ (2022) ಚಿತ್ರೀಕರಣಗೊಂಡ ಸ್ಥಳವೆಂದು. ಆ ಚಿತ್ರ ಕರಾವಳಿಯ ಮಾತಿನ ಧಾಟಿಯನ್ನು ರಾಜ್ಯದಾಚೆಗೂ ಕೇಳಿಸಿತು. ಆದರೆ ಅದರಲ್ಲಿ ಕಾಡು ಗಂಡಸರ ಕಣ. ಮಳೆಗಾಲದ ಹೆಂಗಸರ ದಾರಿ ಅದರಲ್ಲಿಲ್ಲ.

ಆ ದಾರಿಯ ಹೆಸರು ಕಾಲುಸಂಕ. ‘ಸಂಕ’ವು ಸಂಸ್ಕೃತ ‘ಸಂಕ್ರಮ’ದ ತದ್ಭವ, ತುಳುವಿನಲ್ಲೂ ಸೇತುವೆಗೆ ಇದೇ ಪದ. ಅಡಕೆ ಮರದ ಕಾಂಡಗಳನ್ನೋ ಹಲಗೆಯನ್ನೋ ಹಳ್ಳದ ಮೇಲೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು ಕಟ್ಟಿದರೆ ಕಾಲುಸಂಕವಾಯಿತು. ಕುಂದಾಪುರ, ಬೈಂದೂರು ತಾಲ್ಲೂಕುಗಳ ಒಳಊರುಗಳಲ್ಲಿ ಶಾಲೆಗೆ, ಡೈರಿಗೆ, ಆಸ್ಪತ್ರೆಗೆ ಹೋಗುವವರು ಇದನ್ನು ದಾಟಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ತೀರಿಕೊಂಡಳು. ಇಂತಹ ಸಾವುಗಳನ್ನು ವರದಿ ಮಾಡಲು ಕನ್ನಡ ಪತ್ರಿಕಾಭಾಷೆಯಲ್ಲಿ ಒಂದು ಸಿದ್ಧ ಸೂತ್ರವಿದೆ: ಕಾಲು ಜಾರಿ ನೀರುಪಾಲು. ಇದರ ಮೊದಲ ಅರ್ಧದಲ್ಲಿ ಕ್ರಿಯೆಯ ಕರ್ತೃ ಕಾಲು. ಎರಡನೆಯ ಅರ್ಧದಲ್ಲಿ ನೀರಿಗೆ ಒಂದು ಪಾಲು ಸಲ್ಲಬೇಕಿತ್ತು, ಅದು ಸಂದಿತು ಎಂಬ ಧ್ವನಿಯಿದೆ. ಕಟ್ಟದೆ ಉಳಿದ ಸೇತುವೆಗೆ ಈ ವಾಕ್ಯದಲ್ಲಿ ಯಾವ ವಿಭಕ್ತಿಯೂ ಇಲ್ಲ. ಮಾಡದಿರುವುದೂ ಒಂದು ಕ್ರಿಯೆಯೆಂದು ಒಪ್ಪಿಕೊಳ್ಳುವ ವಾಕ್ಯವನ್ನು ಬರೆಯುವುದು ಕಷ್ಟವಲ್ಲ. ಆದರೆ ಸೂತ್ರವು ಆ ಕಷ್ಟವನ್ನು ಮೊದಲೇ ತಪ್ಪಿಸಿಬಿಡುತ್ತದೆ.

7. ಎರಡು ಆಕ್ಷೇಪಗಳು

ಈ ವಾದಕ್ಕೆ ಭಾಷಾವಿಜ್ಞಾನದ ಕಡೆಯಿಂದಲೇ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಅಕರ್ಮಕ ವಾಕ್ಯಗಳ ಬಾಹುಳ್ಯ ಕನ್ನಡದ ಸಾಮಾನ್ಯ ಸ್ವಭಾವ, ಹಾಲು ಚೆಲ್ಲಿತು, ಬಾಗಿಲು ತೆರೆಯಿತು ಎನ್ನುವಲ್ಲಿ ಯಾವ ಸಂಚೂ ಇಲ್ಲ. ಇದು ನಿಜ. ಆದ್ದರಿಂದಲೇ ಒಂಟಿ ವಾಕ್ಯದಿಂದ ಏನನ್ನೂ ಸಾಧಿಸಲಾಗದು. ಪ್ರಸ್ತುತ ಲೇಖನವು ಆಧರಿಸಿರುವುದು ಜೋಡಿಗಳನ್ನು: ಬಿಡುಗಡೆ ಮತ್ತು ಮುಳುಗಡೆ, ಕಟ್ಟಿದರು ಮತ್ತು ಮುಳುಗಿತು. ಭಾಷೆಯು ಎರಡೂ ದಾರಿಗಳನ್ನು ತೆರೆದಿಟ್ಟಿರುವಾಗ ಒಂದು ಕಡೆ ಒಂದನ್ನೂ ಇನ್ನೊಂದು ಕಡೆ ಇನ್ನೊಂದನ್ನೂ ಏಕೆ ಆರಿಸುತ್ತೇವೆಂಬುದು ಪ್ರಶ್ನೆ. ದೋಷ ವ್ಯಾಕರಣದ್ದಲ್ಲ, ಆಯ್ಕೆಯದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ‘-ಅಳು’ ಪ್ರತ್ಯಯವು ಹೆಣ್ಣಿನ ಕರ್ತೃತ್ವವನ್ನು ಹೊರುತ್ತದೆಂಬ ಮಾತು ಎಲ್ಲ ಕನ್ನಡಗಳಿಗೂ ಹೊಂದುವುದಿಲ್ಲ. ಡಿ. ಎನ್. ಶಂಕರ ಭಟ್ಟರು ವಿವರವಾಗಿ ವರ್ಣಿಸಿರುವ ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ನಪುಂಸಕ ರೂಪವೇ ಬಳಕೆಯಾಗುತ್ತದೆ. ಅಕ್ಕನೂ ‘ಬಂತು’, ಮಳೆಯೂ ‘ಬಂತು’. ಅಲ್ಲಿ ನಾಗಿಯ ಕ್ರಿಯೆಗೂ ನೀರಿನ ಕ್ರಿಯೆಗೂ ಆಖ್ಯಾತಪ್ರತ್ಯಯದಲ್ಲಿ ಭೇದವಿರದು. ಹಾಗೆಂದು ಆ ಉಪಭಾಷೆಯವರು ಹೆಂಗಸರನ್ನು ಜಡವೆಂದು ಭಾವಿಸುತ್ತಾರೆನ್ನುವುದು ಅಸಂಗತ. ವ್ಯಾಕರಣಲಿಂಗದಿಂದ ಸಾಮಾಜಿಕ ಸ್ಥಾನಕ್ಕೆ ನೇರ ದಾರಿಯಿಲ್ಲ. ಆದುದರಿಂದ ಪ್ರತ್ಯಯವು ಕರ್ತೃತ್ವವನ್ನು ಸೃಷ್ಟಿಸುತ್ತದೆಂದು ಇಲ್ಲಿ ಹೇಳುತ್ತಿಲ್ಲ. ಅದು ಇರುವ ಭಾಷಾಪ್ರಭೇದದಲ್ಲಿ ಅದನ್ನು ಬಳಸದಿರುವುದು ಏನನ್ನೋ ಹೇಳುತ್ತದೆ ಎಂದಷ್ಟೇ ಹೇಳಲಾಗುತ್ತಿದೆ.

8. ಉಪಸಂಹಾರ

ಅಣೆಕಟ್ಟುಗಳ ಕೆಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ಕೇಳಿಬರುವ ಒಂದು ಮಾತಿದೆ: ‘ನೀರ್ ಬಿಟ್ರ್’. ಕುಂದಾಪ್ರ ಕನ್ನಡದಲ್ಲಿ ಪದಾಂತ್ಯದ ಸ್ವರ ಬಿದ್ದರೂ ‘-ರ್’ ಉಳಿದಿದೆ. ಬಿಟ್ಟವರು ಯಾರೆಂದು ಈ ವಾಕ್ಯ ಹೆಸರಿಸುವುದಿಲ್ಲ. ಆದರೆ ಅವರು ಮನುಷ್ಯರು, ಒಬ್ಬರಿಗಿಂತ ಹೆಚ್ಚು ಮಂದಿ ಎಂಬುದನ್ನು ಒಂದು ವ್ಯಂಜನದಲ್ಲಿ ಹಿಡಿದಿಟ್ಟಿದೆ. ಕಡತದ ಭಾಷೆಯಲ್ಲಿ ಅದೇ ಘಟನೆ ‘ಹೊರಹರಿವು ಹೆಚ್ಚಳ’ವಾಗುತ್ತದೆ, ಅಲ್ಲಿ ಮನುಷ್ಯರಿಲ್ಲ. ನಮ್ಮ ಆಡಳಿತ ಪದಕೋಶಗಳು ನಾಮಪದಗಳನ್ನು ಪಟ್ಟಿಮಾಡುವಾಗ ಅವು ಯಾವ ಧಾತುವಿನಿಂದ ಬಂದವು, ಯಾವ ಕಾರಕಗಳನ್ನು ಬಿಟ್ಟುಬಂದವು ಎಂಬುದನ್ನೂ ದಾಖಲಿಸಬೇಕು. ಮುಳುಗಡೆಯ ಊರುಗಳಿಂದ ಬಂದ ಹೆಂಗಸರ ಮೌಖಿಕ ಕಥನಗಳಲ್ಲಿ ‘ಮುಳುಗು’ ಮತ್ತು ‘ಮುಳುಗಿಸು’ ಎಲ್ಲೆಲ್ಲಿ ಬರುತ್ತವೆಂಬುದು, ಆ ತಲೆಮಾರು ಇರುವಾಗಲೇ, ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ.

‘ದ್ವೀಪ’ದ ಕೊನೆಯಲ್ಲಿ ನೀರು ಇಳಿಯುತ್ತದೆ, ನಾಗಿ ಉಳಿಯುತ್ತಾಳೆ. ಉಳಿದಳು ಎಂಬುದು ಅಕರ್ಮಕ. ಅವಳು ಉಳಿಸಿದಳು ಎಂದು ಹೇಳುವ ಕೆಲಸವನ್ನು ಚಿತ್ರ ತನ್ನ ಪಾತ್ರಗಳಿಗೆ ವಹಿಸದೆ ನೋಡುವವರಿಗೆ ಬಿಟ್ಟಿದೆ.